ಮಂಜೊಟ್ಟಿ ಮುಟ್ಟಿದ ಮೇಲೆ

ಕಂಬಳದ ಒಂದು ಓಟ ಹದಿನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಅದನ್ನು ಓಡುವವನ ಒಳ್ಳೆಯ ಕಾಲವೂ ದೊಡ್ಡದಲ್ಲ. ಹದಿನೆಂಟು ಇಪ್ಪತ್ತಕ್ಕೆ ಕೆಸರಿನ ಕರೆಗೆ ಇಳಿದವನು ಮೂವತ್ತೈದರ ಹೊತ್ತಿಗೆ ದಂಡೆಗೆ ಬಂದು ನಿಲ್ಲುತ್ತಾನೆ. ಮಂಡಿ ಮಾತು ಕೇಳುವುದಿಲ್ಲ, ತೊಡೆಯ ಹಿಂದಿನ ಸ್ನಾಯು ಮಾತು ಕೇಳುವುದಿಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಬರುತ್ತಾನೆ. ಮೈಕಿನಲ್ಲಿ ಕೋಣದ ಯಜಮಾನರ ಹೆಸರು ಅದೇ ಇರುತ್ತದೆ, ಓಡಿಸಿದವನ ಹೆಸರು ಬದಲಾಗುತ್ತದೆ. ದಂಡೆಗೆ ಬಂದು ನಿಂತವನು ಆಮೇಲೆ ಏನಾಗುತ್ತಾನೆ? ಕಾರ್ಕಳ ತಾಲೂಕಿನ ನಾನು ಅಂಥವರಲ್ಲಿ ಒಬ್ಬ. ಹಿಂದೆ ಕೋಣ ಓಡಿಸುತ್ತಿದ್ದೆ, ಈಗ ಓಡಿಸುವುದನ್ನು ಹುಡುಗರಿಗೆ ಹೇಳಿಕೊಡುತ್ತೇನೆ. ಕಂಬಳ ಮುಂದಿನ ತಲೆಮಾರಿಗೆ ಸರಿಯಾಗಿ ದಾಟಬೇಕಾದರೆ ಮೊದಲಿನ ಕೆಲಸಕ್ಕಿಂತ ಈ ಎರಡನೆಯದೇ ಹೆಚ್ಚು ಬೇಕಾದದ್ದು ಎಂಬುದು ನನ್ನ ದೃಢ ನಂಬಿಕೆ.

ಕರೆಯೊಳಗಿನ ಲೆಕ್ಕ

ಕರಾವಳಿಯ ಹೊರಗಿನವರಿಗೆ ಕಂಬಳವೆಂದರೆ ಕೆಸರು, ಕೋಣ, ಹಿಂದೆ ಓಡುವ ಒಬ್ಬ ಮನುಷ್ಯ. ಅಷ್ಟರಲ್ಲಿ ಎಷ್ಟೊಂದು ಲೆಕ್ಕಗಳಿವೆ ಎಂದು ಸ್ವಲ್ಪ ಹೇಳುತ್ತೇನೆ. ಕೋಣಗಳು ಓಡುವ ಕೆಸರಿನ ಉದ್ದನೆಯ ಹಾದಿಗೆ ಕರೆ ಎನ್ನುತ್ತೇವೆ. ಅಕ್ಕಪಕ್ಕದಲ್ಲಿ ಎರಡಿದ್ದರೆ ಜೋಡುಕರೆ. ಪ್ರತಿ ಊರಿನ ಜೋಡುಕರೆಗೂ ಒಂದು ಹೆಸರು. ಕಾರ್ಕಳದ ಮಿಯ್ಯಾರಿನಲ್ಲಿ ಲವ–ಕುಶ, ಕಾಪು ತಾಲೂಕಿನ ಕಟಪಾಡಿಯಲ್ಲಿ ಮೂಡು–ಪಡು, ಐಕಳದಲ್ಲಿ ಕಾಂತಾಬಾರೆ–ಬೂದಾಬಾರೆ, ಮೂಡುಬಿದಿರೆಯಲ್ಲಿ ಕೋಟಿ–ಚೆನ್ನಯ. ಓಟ ಹೊರಡುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಗಂತಿನಲ್ಲಿ ಕೋಣಗಳ ಮುಖ ಹಿಡಿದು ನಿಲ್ಲಿಸಿ ಸರಿಯಾದ ಗಳಿಗೆಯಲ್ಲಿ ಬಿಡುವುದಕ್ಕೇ ಅನುಭವಸ್ಥರು ಬೇಕು. ಭತ್ತದ ಕೊಯ್ಲು ಮುಗಿಯುವ ನವೆಂಬರ್ ಹೊತ್ತಿಗೆ ಋತು ಶುರುವಾಗಿ ಬೇಸಗೆ ಏರುವವರೆಗೆ ವಾರವಾರವೂ ಒಂದೊಂದು ಊರಿನಲ್ಲಿ ಕಂಬಳ. ಬೆಳಿಗ್ಗೆ ಶುರುವಾದದ್ದು ರಾತ್ರಿ ಕಳೆದು ಮರುದಿನಕ್ಕೂ ಮುಂದುವರಿಯುತ್ತದೆ.

ಎಲ್ಲ ಓಟವೂ ಒಂದೇ ತರಹದ್ದಲ್ಲ. ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡುವುದು ಹಗ್ಗದ ವಿಭಾಗ. ನೇಗಿಲಿನ ಆಕಾರದ ಹಗುರ ಮರವನ್ನು ಹಿಡಿದು ಓಡುವುದು ನೇಗಿಲಿನ ವಿಭಾಗ. ಇವೆರಡರಲ್ಲೂ ಕೋಣಗಳ ವಯಸ್ಸು ನೋಡಿ ಹಿರಿಯ, ಕಿರಿಯ ಎಂದು ಬೇರೆ ಮಾಡುತ್ತಾರೆ. ಅಡ್ಡ ಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆ ನಿಂತೇ ಸಾಗಬೇಕು. ಕನೆಹಲಗೆಯಲ್ಲಿ ವೇಗಕ್ಕೆ ಬೆಲೆಯೇ ಇಲ್ಲ. ತೂತುಗಳಿರುವ ದಪ್ಪ ಮರದ ತುಂಡಿನ ಮೇಲೆ ಕಾಲಿಟ್ಟು ಸಾಗುವಾಗ ಆ ತೂತುಗಳಿಂದ ನೀರು ಚಿಮ್ಮಿ, ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಬೇಕು. ತಾಗಿಸಿದವನು ಗೆದ್ದ. ಒಬ್ಬನೇ ಹುಡುಗ ಈ ಎಲ್ಲವನ್ನೂ ಚೆನ್ನಾಗಿ ಮಾಡುವುದು ಅಪರೂಪ. ಯಾರ ಮೈಕಟ್ಟಿಗೆ ಯಾವುದು ಹೊಂದುತ್ತದೆ ಎಂದು ಕಂಡುಹಿಡಿಯುವುದೇ ಕಲಿಸುವವನ ಮೊದಲ ಕೆಲಸ.

ಹೇಳಿಕೊಡುವವರು ಇಲ್ಲದ ಕಾಲ

ನನ್ನ ಅಪ್ಪ ಕೋಣ ಸಾಕಿದ ಒಂದು ದೊಡ್ಡ ಮನೆಯಲ್ಲಿ ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಪ್ಪನ ಜೊತೆ ಹೋಗಿ ಕೋಣಗಳ ಮೈ ತಿಕ್ಕುತ್ತಿದ್ದೆ, ಬೇಯಿಸಿದ ಹುರುಳಿ ತಂದು ಇಡುತ್ತಿದ್ದೆ, ಕೆರೆಗೆ ಈಜಿಸಲು ಕರೆದುಕೊಂಡು ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ 400 ಮೀಟರ್ ಓಡುತ್ತಿದ್ದೆ. ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಜಿಲ್ಲಾ ಮಟ್ಟದ ಓಟಕ್ಕೆ ನಮ್ಮ ಪಿಟಿ ಮೇಷ್ಟ್ರು ಕರೆದುಕೊಂಡು ಹೋದಾಗ, ಕಾಲಿನ ಯಾವ ಭಾಗ ನೆಲಕ್ಕೆ ಮೊದಲು ತಾಗಬೇಕು, ಕೈ ಎಲ್ಲಿಯವರೆಗೆ ಬೀಸಬೇಕು ಎಂದು ಒಬ್ಬರು ನಿಂತು ಹೇಳಿಕೊಡುವುದನ್ನು ಮೊದಲ ಬಾರಿಗೆ ಕಂಡೆ. ಓಟವನ್ನೂ ಪಾಠದ ಹಾಗೆ ಕಲಿಸಬಹುದು ಎಂಬ ವಿಷಯ ನನಗೆ ಅಂದು ಬಹಳ ದೊಡ್ಡದಾಗಿ ಕಂಡಿತ್ತು.

ಕರೆಯಲ್ಲಿ ಅಂಥ ಪಾಠ ಇರಲಿಲ್ಲ. ದಂಡೆಯಲ್ಲಿ ನಿಂತು ನೋಡಬೇಕು, ನೋಡಿ ಕಲಿಯಬೇಕು, ಬಿದ್ದು ಏಳಬೇಕು. ಚೆನ್ನಾಗಿ ಓಡುವ ಹಿರಿಯರು ತಮಗೆ ಗೊತ್ತಿದ್ದ ಪಟ್ಟುಗಳನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದರಲ್ಲಿ ಜಿಪುಣತನ ಇರಲಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಮೈಗೆ ಗೊತ್ತಿದ್ದದ್ದು ಮಾತಿಗೆ ಬರುತ್ತಿರಲಿಲ್ಲ. ನನ್ನ ಪಾಲಿಗೆ ಸ್ವಲ್ಪ ಮಾತು ಬಂದದ್ದು ಗಂತಿನಲ್ಲಿ ಕೋಣ ಬಿಡುತ್ತಿದ್ದ ಒಬ್ಬ ಹಿರಿಯರಿಂದ. ಕಿರಿಯ ಕೋಣಗಳ ಹಿಂದೆ ನೇಗಿಲು ಹಿಡಿಯಲು ನನಗೆ ಮೊದಲ ಅವಕಾಶ ಸಿಕ್ಕಾಗ ಅವರು ಹತ್ತಿರ ಬಂದು ಹೇಳಿದ್ದರು: "ನಿನಗೆ ಕೋಣ ಗೊತ್ತಾದರೆ ಸಾಲದು ಮಾರಾಯ, ಕೋಣಕ್ಕೆ ನೀನು ಗೊತ್ತಾಗಬೇಕು." ಇಂದು ನಾನು ಹುಡುಗರಿಗೆ ಕಲಿಸುವ ಮೊದಲ ಪಾಠ ಇದೇ.

ಒಂದು ಜೋಡಿಯಲ್ಲಿ ಎಡದ ಕೋಣ ಎಡಕ್ಕೇ, ಬಲದ್ದು ಬಲಕ್ಕೇ. ಎರಡರ ಗುಣ ಬೇರೆ. ಒಂದು ಗಂತಿನಿಂದಲೇ ಚಿಮ್ಮುತ್ತದೆ, ಇನ್ನೊಂದು ಅರ್ಧ ಕರೆ ಕಳೆದ ಮೇಲೆ ಬಿಗಿಯುತ್ತದೆ. ಓಡಿಸುವವನು ಹಿಂದೆ ಓಡುತ್ತಲೇ ಎರಡನ್ನೂ ಒಂದೇ ಹೆಜ್ಜೆಗೆ ತರಬೇಕು. ಬಿಟ್ಟ ಕೂಡಲೇ ಹಗ್ಗ ಕೈಯನ್ನು ಮುಂದಕ್ಕೆ ಎಳೆಯುತ್ತದೆ, ಕಣ್ಣಿಗೆ ಕೆಸರು ರಾಚುತ್ತದೆ. ಕಿವಿಗೆ ಬೀಳುವುದು ಕೋಣಗಳ ಕಾಲಿನ ಸದ್ದು ಮಾತ್ರ. ಆ ಸದ್ದಿನಲ್ಲಿ ತಾಳ ತಪ್ಪಿದ್ದು ಗೊತ್ತಾದರೆ ಯಾವ ಕೋಣ ಹಿಂದೆ ಬೀಳುತ್ತಿದೆ ಎಂದು ಕಣ್ಣು ತೆರೆಯದೆಯೂ ಹೇಳಬಹುದು. ಒಳ್ಳೆಯ ಓಟಗಾರನ ಗುಟ್ಟು ಅವನ ಕಾಲಿನಲ್ಲಿರುವಷ್ಟೇ ಅವನ ಕಿವಿಯಲ್ಲೂ ಇದೆ.

ಗೆದ್ದರೆ ಬಹುಮಾನ ಚಿನ್ನ. ಸಾಮಾನ್ಯವಾಗಿ ಮೊದಲನೆಯದಕ್ಕೆ ಎರಡು ಪವನ್, ಎರಡನೆಯದಕ್ಕೆ ಒಂದು. ಅದು ಯಜಮಾನರಿಗೆ ಸೇರುತ್ತದೆ. ಓಡಿಸಿದವನಿಗೆ ಅವರು ಪ್ರೀತಿಯಿಂದ ಕೊಟ್ಟದ್ದು ಸಿಗುತ್ತದೆ. ಒಂದು ಜೋಡಿ ಕೋಣ ಸಾಕುವ ಖರ್ಚು ಏನೆಂದು ಕೋಣದ ಹಟ್ಟಿಯಲ್ಲಿ ಬೆಳೆದ ನನಗೆ ಚೆನ್ನಾಗಿ ಗೊತ್ತು. ವರ್ಷವಿಡೀ ಹುರುಳಿ, ಎಣ್ಣೆ, ಆಳು, ಲಾರಿ ಎಂದು ಯಜಮಾನರ ಕೈಯಿಂದ ಹೋಗುವುದೇ ಹೆಚ್ಚು. ಆದರೂ ಓಡುವವನಿಗೆ ಕಂಬಳದಿಂದ ಮನೆ ನಡೆಯುವುದಿಲ್ಲ. ವಾರವಿಡೀ ನಾನು ಕೆಂಪುಕಲ್ಲು ಹೊರುತ್ತಿದ್ದೆ, ಗಾರೆ ಕೆಲಸ ಮಾಡುತ್ತಿದ್ದೆ, ಶನಿವಾರ ಕರೆಗೆ ಹೋಗುತ್ತಿದ್ದೆ. ನನ್ನ ಜೊತೆಗೆ ಓಡಿದ ಹೆಚ್ಚಿನವರ ಬದುಕೂ ಹಾಗೆಯೇ ಇತ್ತು.

ಮಣಿಪಾಲದಲ್ಲಿ ಕಲಿತದ್ದು

ಒಂದು ಕಂಬಳದಲ್ಲಿ ಮಂಜೊಟ್ಟಿಗೆ ಸ್ವಲ್ಪವೇ ದೂರವಿರುವಾಗ ನನ್ನ ಬಲತೊಡೆಯ ಹಿಂದೆ ಏನೋ ಹರಿದ ಹಾಗಾಯಿತು. ಹಗ್ಗ ಬಿಡದೆ ಓಟ ಮುಗಿಸಿದೆ, ಆಮೇಲೆ ಎದ್ದು ನಿಲ್ಲಲಾಗಲಿಲ್ಲ. ಊರಿನಲ್ಲಿ ಎಣ್ಣೆ ತಿಕ್ಕಿ ನೋಡಿ, ಕೊನೆಗೆ ಮಣಿಪಾಲಕ್ಕೆ ಹೋದೆ. ಅಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ ತರುಣಿಯೊಬ್ಬರು ನನ್ನ ಓಟದ ವಿಡಿಯೊವನ್ನು ಮೊಬೈಲಿನಲ್ಲಿ ನಿಧಾನಗೊಳಿಸಿ ನೋಡಿದರು. ಅವರು ಹೇಳಿದ ವಿವರ ನನ್ನ ಬದುಕಿನ ದಾರಿಯನ್ನು ಬದಲಿಸಿತು.

ಟ್ರ್ಯಾಕಿನಲ್ಲಿ ಓಡುವವನು ಮುಂಗಾಲಿನ ಮೇಲೆ ಓಡುತ್ತಾನೆ. ತನ್ನ ಮೈಯನ್ನು ತಾನೇ ಮುಂದಕ್ಕೆ ತಳ್ಳುತ್ತಾನೆ. ಕರೆಯಲ್ಲಿ ನಮ್ಮನ್ನು ಕೋಣಗಳು ಎಳೆಯುತ್ತವೆ. ಬೆರಳ ಮೇಲೆ ಭಾರ ಹಾಕಿದರೆ ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ, ಹಾಗಾಗಿ ಹಿಮ್ಮಡಿ ಮೊದಲು ಊರುತ್ತೇವೆ. ಸೊಂಟವನ್ನು ಸ್ವಲ್ಪ ಹಿಂದಕ್ಕೆ ಇಟ್ಟು, ಹೆಜ್ಜೆಯನ್ನು ನಮ್ಮ ಸ್ವಂತ ಶಕ್ತಿಗಿಂತ ಉದ್ದಕ್ಕೆ ಚಾಚುತ್ತೇವೆ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಹಿಂದಿನ ಸ್ನಾಯು ಎಳೆದುಕೊಳ್ಳುತ್ತಿರುವಾಗಲೇ ಮೈಯ ಭಾರವನ್ನೂ ತಡೆಯಬೇಕು. ಆ ಸ್ನಾಯುವನ್ನು ಅಂಥ ಎಳೆತಕ್ಕೆ ಮೊದಲೇ ತಯಾರು ಮಾಡದೆ ಋತುವಿನ ಮೊದಲ ಕಂಬಳಕ್ಕೆ ಇಳಿದರೆ ಹರಿಯುವ ಅಪಾಯ ಹೆಚ್ಚು. ಇದನ್ನು ತಡೆಯುವ ವ್ಯಾಯಾಮಗಳಿವೆ, ಅವಕ್ಕೆ ದುಬಾರಿ ಯಂತ್ರಗಳೇನೂ ಬೇಡ, ಒಂದು ಚಾಪೆ ಮತ್ತು ಕಾಲು ಹಿಡಿಯಲು ಒಬ್ಬ ಜೊತೆಗಾರ ಸಾಕು.

ನಮ್ಮ ಹಿರಿಯರ ಮೈಗೆ ಗೊತ್ತಿದ್ದದ್ದಕ್ಕೆ ಇಲ್ಲಿ ಮಾತು ಸಿಕ್ಕಿತ್ತು. ಮಾತು ಸಿಕ್ಕಿದರೆ ಕಲಿಸಬಹುದು. ಕಾಲು ಗುಣವಾದ ಮೇಲೆ ಒಂದೆರಡು ಋತು ಓಡಿದೆ. ಆದರೆ ಆಗಲೇ ನನ್ನ ಮನಸ್ಸು ಗಂತಿನಿಂದ ದಂಡೆಯ ಕಡೆಗೆ, ಹುಡುಗರ ಕಡೆಗೆ ಹೋಗಿತ್ತು.

ಕರೆಗಳು ಖಾಲಿಯಾದ ಋತು

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆಯಾಜ್ಞೆ ಬಂದು ಆ ಋತುವಿನಲ್ಲಿ ಕರೆಗಳು ಖಾಲಿ ಬಿದ್ದವು. 2017ರ ಜನವರಿಯಲ್ಲಿ ಕರಾವಳಿಯ ಜನ ಬೀದಿಗೆ ಇಳಿದರು. ಅದೇ ವರ್ಷ ರಾಜ್ಯ ಸರ್ಕಾರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿಯ ಸುಗ್ರೀವಾಜ್ಞೆ ತಂದಿತು. ಕಂಬಳ ಮತ್ತೆ ಶುರುವಾಯಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಆ ಖಾಲಿ ಋತುವಿನಲ್ಲಿ ನಾವು ಕೆಲವರು ಸಂಜೆ ಗದ್ದೆಯಲ್ಲಿ ಸೇರುತ್ತಿದ್ದೆವು. ಹುಡುಗರು ಸುಮ್ಮನೆ ಕೂತರೆ ಮೈ ಕೆಡುತ್ತದೆ ಎಂದು ನಾನು ಮಣಿಪಾಲದಲ್ಲಿ ಕಲಿತ ವ್ಯಾಯಾಮ ಮಾಡಿಸಲು ತೊಡಗಿದೆ. ನನ್ನ ಕಲಿಸುವ ಕೆಲಸ ಶುರುವಾದದ್ದು ಹಾಗೆ. ಇದಕ್ಕಿಂತ ಮುಖ್ಯವಾಗಿ, ಕೋರ್ಟಿನಲ್ಲಿ ನಮ್ಮ ಆಟದ ಮೇಲೆ ಬಂದ ಪ್ರಶ್ನೆಯನ್ನು ನಾವು ಗದ್ದೆಯಲ್ಲಿ ಕೂತು ಮಾತಾಡಿದೆವು. ಪ್ರಾಣಿಗೆ ಹಿಂಸೆ ಮಾಡದೆ ಓಡಿಸಲು ಸಾಧ್ಯವೇ ಎಂಬುದು ಆ ಪ್ರಶ್ನೆ. ಸಾಧ್ಯ ಎಂದು ಹೇಳಿದರೆ ಮುಗಿಯುವುದಿಲ್ಲ, ಓಡಿಸಿ ತೋರಿಸಬೇಕು. ಬೆತ್ತವನ್ನೇ ನಂಬಿ ಓಡಿಸುವವನ ಕೈಯಿಂದ ಬೆತ್ತ ಕಿತ್ತುಕೊಂಡರೆ ಅವನಿಗೆ ಓಡಿಸಲು ಬರುವುದಿಲ್ಲ. ಸ್ವರದಿಂದ, ಹಗ್ಗದ ಬಿಗಿಯಿಂದ, ಕೋಣದ ಜೊತೆಗಿನ ಸಲುಗೆಯಿಂದ ಓಡಿಸುವುದನ್ನು ಯಾರಾದರೂ ಕೂತು ಕಲಿಸಬೇಕು. ಕಾನೂನು ಕಂಬಳಕ್ಕೆ ದಾರಿ ಬಿಟ್ಟಿದೆ. ಆ ದಾರಿಯಲ್ಲಿ ಮಾನದಿಂದ ನಡೆಯುವುದು ಕಲಿಸುವವರ ಕೈಯಲ್ಲಿದೆ.

ಮಿಯ್ಯಾರಿನ ಶಾಲೆ

ಕಂಬಳದ ಓಟವನ್ನು ಶಿಬಿರ ನಡೆಸಿ ಕಲಿಸಬಹುದು ಎಂದು ಊರಿಗೆ ತೋರಿಸಿದ್ದು ಕಾರ್ಕಳದ ಮಿಯ್ಯಾರು. 2011ರಲ್ಲಿ ಪ್ರೊ. ಗುಣಪಾಲ ಕಡಂಬರು ಅಲ್ಲಿ ಕಂಬಳ ಸಂರಕ್ಷಣೆ, ನಿರ್ವಹಣೆ ಮತ್ತು ತರಬೇತಿ ಅಕಾಡೆಮಿಯನ್ನು ಆರಂಭಿಸಿದರು. ಲವ–ಕುಶ ಕರೆಯ ಊರಿನಲ್ಲೇ ತರುಣರಿಗೆ ವ್ಯಾಯಾಮ, ಯೋಗ, ಕೆಸರಿನ ಓಟ, ಕೋಣ ಹಿಡಿಯುವ ಕ್ರಮ, ಶಿಸ್ತು ಎಲ್ಲವನ್ನೂ ಪಾಠವಾಗಿ ಹೇಳಿಕೊಡುವ ಏರ್ಪಾಡು ಅದು. ಅದುವರೆಗೆ ಯಜಮಾನರ ಹಟ್ಟಿಯ ಒಡನಾಟ ಇದ್ದವನಿಗೆ ಮಾತ್ರ ಸಿಗುತ್ತಿದ್ದ ವಿದ್ಯೆ, ಕಲಿಯುವ ಮನಸ್ಸಿರುವ ಯಾವ ಹುಡುಗನಿಗೂ ಸಿಗುವಂತಾಯಿತು.

ಇದರ ಬೆಲೆ ತಿಳಿಯಬೇಕಾದರೆ ಕಂಬಳದ ಹಳೆಯ ಒಂದು ಗಾಯವನ್ನೂ ಹೇಳಬೇಕು. ಹಿಂದೆ ಕಂಬಳದ ಹೊತ್ತಿನಲ್ಲಿ ಕೊರಗ ಸಮುದಾಯದವರನ್ನು ಕರೆಯ ಬಳಿ ಕುಣಿಸುವ, ಕೋಣಗಳಿಗಿಂತ ಮೊದಲು ಕರೆಯಲ್ಲಿ ಓಡಿಸುವ ಕೆಟ್ಟ ಪದ್ಧತಿ ಇತ್ತು. ಇಂಥ ಅಜಲು ಪದ್ಧತಿಯನ್ನು 2000ದ ಕಾಯ್ದೆ ನಿಷೇಧಿಸಿತು. ಅದೇ ಕರೆಗೆ ಇಂದು ಒಬ್ಬ ಹುಡುಗ ಜಾತಿ ಕೇಳಿಸಿಕೊಳ್ಳದೆ, ವಿದ್ಯಾರ್ಥಿಯಾಗಿ ಇಳಿಯುವಂತಾಗಬೇಕು. ಕಲಿಸುವ ಜಾಗಗಳು ಹೆಚ್ಚಿದಷ್ಟೂ ಅದು ಸುಲಭವಾಗುತ್ತದೆ. ನನ್ನ ಹತ್ತಿರ ಬರುವ ಯಾರಿಗೂ ನಾನು ಮನೆತನ ಕೇಳುವುದಿಲ್ಲ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯಾ ಎಂದು ಕೇಳುತ್ತೇನೆ.

ಮಿಯ್ಯಾರಿನ ಅಕಾಡೆಮಿಯಲ್ಲಿ ಪಳಗಿದವರಲ್ಲಿ ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರೂ ಒಬ್ಬರು. 2020ರ ಫೆಬ್ರವರಿ 1ರಂದು ಐಕಳದಲ್ಲಿ ಅವರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ಪ್ರಕಟವಾಯಿತು. ನೂರು ಮೀಟರಿಗೆ ಲೆಕ್ಕ ಹಾಕಿದರೆ 9.56. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಇಡೀ ದೇಶ ಕರಾವಳಿಯ ಕಡೆ ತಿರುಗಿ ನೋಡಿತು. ಕೆಲವೇ ದಿನಗಳಲ್ಲಿ ಕಾರ್ಕಳ ತಾಲೂಕಿನವರೇ ಆದ ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ ಅದಕ್ಕಿಂತಲೂ ಬೇಗ ಓಡಿದ ಸುದ್ದಿ ಬಂತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಶ್ರೀನಿವಾಸ ಗೌಡರನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆದರು. ಗೌಡರು ಹೋಗಲು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಬೆರಳಿನ ಓಟ, ಇಲ್ಲಿ ಕೋಣಗಳ ಪಾಲೂ ಇದೆ ಎಂದು ಅವರು ವಿನಯದಿಂದ ಹೇಳಿದ್ದನ್ನು ನಾನು ಇಂದಿಗೂ ಹುಡುಗರಿಗೆ ನೆನಪಿಸುತ್ತೇನೆ.

ಅವರ ಮಾತು ಪೂರ್ತಿ ನಿಜ. ಬೋಲ್ಟ್ ನಿಂತ ಜಾಗದಿಂದ, ಗುಂಡಿನ ಸದ್ದು ಕೇಳಿ, ತನ್ನ ಕಾಲಿನ ಬಲದಿಂದಲೇ ವೇಗ ಹುಟ್ಟಿಸಬೇಕಿತ್ತು. ನಮಗೆ ಆ ವೇಗವನ್ನು ಕೋಣಗಳು ಕೊಡುತ್ತವೆ. ಟ್ರ್ಯಾಕಿನ ತರಬೇತುದಾರರೂ ಕೆಲವೊಮ್ಮೆ ಓಟಗಾರನಿಗೆ ಹಗ್ಗ ಕಟ್ಟಿ ಮುಂದಿನಿಂದ ಎಳೆಸುತ್ತಾರೆ, ಆಗ ಅವನು ತನ್ನ ಸ್ವಂತ ವೇಗವನ್ನು ಮೀರಿ ಓಡುತ್ತಾನೆ. ಹಾಗೆಂದು ಅದನ್ನು ಯಾರೂ ದಾಖಲೆಯ ಪುಸ್ತಕದಲ್ಲಿ ಬರೆಯುವುದಿಲ್ಲ. ಇದರಿಂದ ಕಂಬಳದ ಓಟಗಾರನ ಬೆಲೆ ಕಡಿಮೆಯಾಗುವುದಿಲ್ಲ. ಬೋಲ್ಟ್ ಮಾಡಬೇಕಾಗಿರದ ಕೆಲಸವನ್ನು ಅವನು ಮಾಡುತ್ತಾನೆ. ಗಂಟೆಗೆ 37 ಕಿಲೋಮೀಟರ್ ವೇಗದಲ್ಲಿ, ಮೊಣಕಾಲೆತ್ತರ ಎರಚುವ ನೀರಿನಲ್ಲಿ, ಎರಡು ಪ್ರಾಣಿಗಳ ಮನಸ್ಸನ್ನು ಒಂದು ಮಾಡಿಕೊಂಡು ಅವನು ನೆಟ್ಟಗೆ ಇರಬೇಕು. ಆ ವಿದ್ಯೆಯನ್ನು ಅದರದೇ ಅಳತೆಯಲ್ಲಿ ಗೌರವಿಸೋಣ ಎನ್ನುತ್ತೇನೆ. 2020ರ ನಂತರ ನನ್ನ ಬಳಿಗೆ ಬಂದ ಹುಡುಗರಲ್ಲಿ ಅರ್ಧದಷ್ಟು ಮಂದಿ ಮೊದಲು ಕೇಳಿದ್ದು, "ಅಣ್ಣ, ಎಷ್ಟು ಸೆಕೆಂಡಿಗೆ ಬಂದರೆ ಟಿವಿಯಲ್ಲಿ ತೋರಿಸ್ತಾರೆ?" ಎಂದು. ಅವರಿಗೆ ನಾನು ಹಟ್ಟಿಯ ಸೆಗಣಿ ಎತ್ತಲು ಹೇಳಿದೆ. ಬಿಟ್ಟುಹೋಗದೆ ಉಳಿದವರು ಇಂದು ಚೆನ್ನಾಗಿ ಓಡುತ್ತಿದ್ದಾರೆ.

ನನ್ನ ಪಾಠದ ಕ್ರಮ

ಮಳೆಗಾಲದಲ್ಲಿ ಹಗ್ಗ ಮುಟ್ಟಿಸುವುದಿಲ್ಲ. ಜೂನ್, ಜುಲೈ ತಿಂಗಳುಗಳು ಮೈಯನ್ನು ಗಟ್ಟಿ ಮಾಡಿಕೊಳ್ಳುವ ಕಾಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ತೊಡೆ, ಸೊಂಟ, ಬೆನ್ನಿನ ವ್ಯಾಯಾಮ. ಆಮೇಲೆ ಉಳುಮೆಯಾದ ಗದ್ದೆಯಲ್ಲಿ ನಿಧಾನದ ಓಟ. ಕೆಸರಿನಲ್ಲಿ ಓಡುವಾಗ ಕಾಲು ಎತ್ತುವುದನ್ನು ಕಲಿಯದವನಿಗೆ ಕೋಣದ ವೇಗ ಸಿಕ್ಕರೆ ಅವನು ಬೀಳುತ್ತಾನೆ. ಸಂಜೆ ಹಟ್ಟಿ. ಕೋಣವನ್ನು ತೊಳೆಯಬೇಕು, ಗೊರಸು ನೋಡಬೇಕು, ಕಣ್ಣು ನೋಡಬೇಕು. ಕೋಣ ಮೇವು ಬಿಟ್ಟಿದೆಯೇ, ಒಂದು ಕಾಲನ್ನು ಹಗುರ ಇಡುತ್ತಿದೆಯೇ ಎಂದು ಮೊದಲು ಗುರುತಿಸಿದ ಹುಡುಗನಿಗೆ ನಾನು ಮೊದಲು ಹಗ್ಗ ಕೊಡುತ್ತೇನೆ. ಅವನ ಕಾಲಿನ ವೇಗ ಎರಡನೆಯ ಮಾತು.

ಋತುವಿಗೆ ಮುಂಚೆ ಕುದಿ ಕಂಬಳಗಳು ಬರುತ್ತವೆ. ಅವು ಅಭ್ಯಾಸದ ಓಟಗಳು, ಸೋಲು ಗೆಲುವಿನ ಬಿಸಿ ಇಲ್ಲದವು. ನನ್ನ ಹುಡುಗರು ಅಲ್ಲಿ ಬೆತ್ತ ಹಿಡಿಯದೆ ಓಡಬೇಕು, ಇದು ನನ್ನ ಪಟ್ಟು. ಬಾಯಿಯ ಸ್ವರದಿಂದ ಎಷ್ಟು ಓಡಿಸಬಲ್ಲರು ಎಂದು ಅವರಿಗೇ ಗೊತ್ತಾಗಲಿ ಎಂಬುದು ಅದರ ಉದ್ದೇಶ. ಕೆಲವು ಯಜಮಾನರು ಮೊದಲು ಇದಕ್ಕೆ ಒಪ್ಪಲಿಲ್ಲ. ಕೋಣದ ಬೆನ್ನಿನ ಮೇಲೆ ಒಂದು ಬರೆಯೂ ಇಲ್ಲದೆ ಓಟ ಮುಗಿದದ್ದನ್ನು ಕಂಡ ಮೇಲೆ ಅವರಲ್ಲೇ ಒಬ್ಬರು ತಮ್ಮ ಮೊಮ್ಮಗನನ್ನು ನನ್ನ ಪಾಠಕ್ಕೆ ಕಳುಹಿಸಿದರು.

ಹುಡುಗರಲ್ಲಿ ಒಬ್ಬ ಕಾಪುವಿನವನು. ಮೀನುಗಾರರ ಮನೆಯ ಹುಡುಗ. ಕಡಲ ಬದಿಯವನಿಗೆ ಕೋಣದ ಒಡನಾಟ ಎಲ್ಲಿಯದು ಎಂದು ಉಳಿದವರು ಅಂದುಕೊಂಡಿದ್ದರು. ಹಗ್ಗ ಹಿಡಿದು ಓಡುವಾಗ ಅವನು ಹಿಂದೆ ಬೀಳುತ್ತಿದ್ದ. ಅವನು ನಿಲ್ಲುವ ಭಂಗಿಯನ್ನು ನೋಡಿದೆ. ಮೊಣಕಾಲು ಸದಾ ಸ್ವಲ್ಪ ಮಡಿಸಿಕೊಂಡು, ಪಾದ ಅಗಲಿಸಿ ನಿಲ್ಲುತ್ತಿದ್ದ. ದೋಣಿಯಲ್ಲಿ ನಿಂತು ಬಲೆ ಎಳೆದವರ ಕಾಲು ಅದು. ಅಡ್ಡ ಹಲಗೆಯ ಮೇಲೆ ನಿಲ್ಲಿಸಿದೆವು. ಕೋಣಗಳು ಎಷ್ಟು ಕುಲುಕಿದರೂ ಅವನು ಅಲುಗಲಿಲ್ಲ. ಅವನಿಗೆ ನಾನು ಹೊಸದಾಗಿ ಕಲಿಸಿದ್ದು ಬಹಳ ಕಡಿಮೆ, ಅವನ ಮೈಯಲ್ಲಿ ಆಗಲೇ ಇದ್ದದ್ದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ತೋರಿಸಿದೆ ಅಷ್ಟೆ. ಮೊನ್ನೆ ಮೊನ್ನೆಯವರೆಗೆ ಅವನನ್ನು ನೋಡಿ ತಲೆಯಾಡಿಸುತ್ತಿದ್ದವರು ಈಗ ಅವನ ಹತ್ತಿರ ನಿಲ್ಲುವ ಕ್ರಮ ಕೇಳುತ್ತಾರೆ. ಅವನು ಮುಂದೆ ಒಳ್ಳೆಯ ಮೇಷ್ಟ್ರಾಗುತ್ತಾನೆ ಎಂದು ನನಗೆ ಅನ್ನಿಸಿದೆ.

ಹಿಮದ ಮೇಲಿನ ಬಾವುಟ

ಕಲಿಸುವವನ ಜಾಗ ಯಾವುದೆಂದು ನನಗೆ ತೋರಿಸಿದ್ದು ದೂರದ ಇನ್ನೊಂದು ಆಟ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಟಿವಿಯಲ್ಲಿ ಸ್ಕೀ ಜಂಪಿಂಗ್ ನೋಡಿದೆ. ಕಡಿದಾದ ಹಿಮದ ಇಳಿಜಾರಿನಲ್ಲಿ ಗಂಟೆಗೆ 90 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಜಾರಿ ಬಂದು, ತುದಿಯಿಂದ ಗಾಳಿಗೆ ಜಿಗಿದು, ನೂರು ಮೀಟರಿಗೂ ಆಚೆ ಹೋಗಿ ಇಳಿಯುವ ಆಟ. ನಾರ್ವೆಯಲ್ಲಿ ಹುಟ್ಟಿದ್ದು. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೂ ಇದೆ. ಇಲ್ಲಿಯೂ ದೂರವೊಂದೇ ಲೆಕ್ಕಕ್ಕಿಲ್ಲ. ಗಾಳಿಯಲ್ಲಿ ಮೈ ಹೇಗಿತ್ತು, ಇಳಿಯುವಾಗ ಕಾಲು ಹೇಗಿತ್ತು ಎಂದು ತೀರ್ಪುಗಾರರು ಅಂಕ ಕೊಡುತ್ತಾರೆ. ನನ್ನ ಕಣ್ಣು ನೆಟ್ಟದ್ದು ಪಕ್ಕದ ಅಟ್ಟಣಿಗೆಯ ಮೇಲೆ ಬಾವುಟ ಹಿಡಿದು ನಿಂತಿದ್ದ ತರಬೇತುದಾರರ ಮೇಲೆ. ಹಸಿರು ದೀಪ ಬಂದ ಮೇಲೂ ಜಿಗಿಯುವವನು ಮೇಲೆ ಕೂತು ಕಾಯುತ್ತಾನೆ. ಗಾಳಿ ಸರಿಯಿದೆ ಎಂದು ತರಬೇತುದಾರ ಬಾವುಟ ಇಳಿಸಿದಾಗಲೇ ಹೊರಡುತ್ತಾನೆ. ಗಂತಿನಲ್ಲಿ ಕೋಣ ಬಿಡುವ ನಮ್ಮ ಹಿರಿಯರ ಕೆಲಸವೂ ಅದೇ ಅಲ್ಲವೇ?

ಆ ಆಟದಲ್ಲಿ ಜಪಾನಿನ ನೊರಿಯಾಕಿ ಕಸಾಯಿ ಎಂಬವರಿದ್ದರು. 1972ರಲ್ಲಿ ಹುಟ್ಟಿದವರು. 1992ರಿಂದ 2018ರವರೆಗೆ ಎಂಟು ಒಲಿಂಪಿಕ್ಸ್‌ಗಳಲ್ಲಿ ಜಿಗಿದರು. 2014ರ ಸೋಚಿಯಲ್ಲಿ 41ನೆಯ ವಯಸ್ಸಿನಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದರು. 2009ರಿಂದ ಅವರು ತಮ್ಮ ಕಂಪನಿಯ ತಂಡದಲ್ಲಿ ಆಟಗಾರನೂ ಹೌದು, ತರಬೇತುದಾರನೂ ಹೌದು. ತಾನು ಜಿಗಿಯುತ್ತಲೇ ತನ್ನ ನಂತರದವರಿಗೆ ಕಲಿಸುವುದನ್ನು ಅವರ ಸಂಸ್ಥೆ ಒಂದು ಹುದ್ದೆಯಾಗಿ ಕೊಟ್ಟಿದೆ, ಸಂಬಳ ಕೊಟ್ಟಿದೆ. ಆಟ ಆಡಿದವನ ಅನುಭವ ಆ ದೇಶಕ್ಕೆ ಸೇರಿದ ಆಸ್ತಿ ಎಂದು ಅವರು ತಿಳಿದಿದ್ದಾರೆ. ಕರಾವಳಿಯಲ್ಲಿ ನಮ್ಮ ಆಸ್ತಿ ಒಂದೊಂದಾಗಿ ಕೆಂಪುಕಲ್ಲಿನ ಕೋರೆಗಳಿಗೆ, ಮುಂಬಯಿಯ ಹೋಟೆಲುಗಳಿಗೆ ಹೋಗಿ ಸೇರುತ್ತಿದೆ. ನನ್ನ ಜೊತೆಗೆ ಓಡಿದ ಒಬ್ಬ ಅಪ್ಪಟ ಕನೆಹಲಗೆಯ ಓಟಗಾರ ಈಗ ಊರಲ್ಲಿಲ್ಲ. ನಿಶಾನೆಗೆ ನೀರು ತಾಗಿಸಲು ಅವನು ಯಾವ ಜಾಗದಲ್ಲಿ ಕಾಲು ಒತ್ತುತ್ತಿದ್ದ ಎಂದು ಕೇಳಿ ಬರೆದಿಟ್ಟವರು ಯಾರೂ ಇಲ್ಲ.

ಆಗಬೇಕಾದ ಕೆಲಸ

ಕಂಬಳಕ್ಕೆ ಈಗ ಕಾನೂನಿನ ರಕ್ಷಣೆ ಇದೆ, ಜನ ಇದ್ದಾರೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ–ಮಹಾರಾಜ ಜೋಡುಕರೆ ಮಾಡಿ ಓಡಿಸಿದಾಗ ಸೇರಿದ ಜನಸಾಗರವನ್ನು ಎಲ್ಲರೂ ಕಂಡಿದ್ದಾರೆ. ಕೊರತೆ ಇರುವುದು ಓಡಿ ಮುಗಿಸಿದವರನ್ನು ಮೇಷ್ಟ್ರಾಗಿಸುವ ಏರ್ಪಾಡಿನಲ್ಲಿ. ಮೊದಲು, ಓಡುವ ಪ್ರತಿ ಹುಡುಗನಿಗೂ ಅಪಘಾತದ ವಿಮೆ ಇರಲೇಬೇಕು. ಎರಡನೆಯದು, ಹಿರಿಯ ಓಟಗಾರರನ್ನು ಗುರುತಿಸಿ, ಕಲಿಸುವವರೆಂದು ಪ್ರಮಾಣಪತ್ರ ಕೊಟ್ಟು, ಕಲಿಸಿದ ತಿಂಗಳುಗಳಿಗೆ ಗೌರವಧನ ಕೊಡಬೇಕು. ಮೂರನೆಯದು, ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿಸುತ್ತಾರೆ, ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನ ಕಲಿಸುತ್ತಾರೆ. ಅಲ್ಲಿಂದ ಮಿಯ್ಯಾರಿಗೆ ಒಂದು ಗಂಟೆಯ ದಾರಿ. ಆ ವಿದ್ಯಾರ್ಥಿಗಳು ಒಂದು ಮಳೆಗಾಲ ನಮ್ಮ ಹುಡುಗರ ಜೊತೆ ಗದ್ದೆಗೆ ಇಳಿದು ಹೆಜ್ಜೆ ಅಳೆದರೆ, ಸ್ನಾಯು ನೋಡಿದರೆ, ಕೆಸರಿನ ಓಟಕ್ಕೇ ಹೊಂದುವ ವ್ಯಾಯಾಮದ ಕ್ರಮವೊಂದು ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತದೆ. ಕೋಣಗಳ ಆರೋಗ್ಯಕ್ಕೂ ಪಶುವೈದ್ಯರ ಜೊತೆ ಇಂಥದೇ ಕೆಲಸ ಆಗಬೇಕು. ನಾಲ್ಕನೆಯದು, ಇನ್ನೂ ನಮ್ಮ ನಡುವೆ ಇರುವ ಹಿರಿಯರ ಓಟದ ಕ್ರಮವನ್ನು ವಿಡಿಯೊ ಮಾಡಿ, ಅವರ ಮಾತಿನಲ್ಲೇ ಬರೆದಿಡಬೇಕು.

ಇದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಇಂದೇ ಮಾಡಬಹುದಾದ ಒಂದು ಸಣ್ಣ ಕೆಲಸ ಕಂಬಳ ನಡೆಸುವ ಸಮಿತಿಗಳ ಕೈಯಲ್ಲಿದೆ. ಫಲಿತಾಂಶ ಓದುವಾಗ ಯಜಮಾನರ ಹೆಸರು ಹೇಳುತ್ತಾರೆ, ಓಡಿಸಿದವನ ಹೆಸರು ಹೇಳುತ್ತಾರೆ. ಅದರ ಹಿಂದೆಯೇ, ಅವನಿಗೆ ಕಲಿಸಿದವರ ಹೆಸರನ್ನೂ ಓದಲಿ. ಅದಕ್ಕೆ ಬೇಕಾದ್ದು ಎರಡು ಸೆಕೆಂಡು. ತನ್ನ ಹೆಸರು ಹಾಗೆ ಕೇಳಿಸುತ್ತದೆ ಎಂದು ಗೊತ್ತಾದರೆ ಕಲ್ಲು ಹೊರುತ್ತಿರುವ, ಮುಂಬಯಿಯಲ್ಲಿರುವ ನನ್ನ ಗೆಳೆಯರಲ್ಲಿ ಕೆಲವರಾದರೂ ಋತುವಿಗೆ ಮುಂಚೆ ಊರಿಗೆ ಬಂದು ಹುಡುಗರ ಜೊತೆ ಗದ್ದೆಗೆ ಇಳಿಯುತ್ತಾರೆ. ಮುಂದಿನ ಸಲ ನೀವು ಮಿಯ್ಯಾರಿಗೋ ಕಟಪಾಡಿಗೋ ಬಂದಾಗ, ಗೆದ್ದ ಹುಡುಗನ ಬೆನ್ನು ತಟ್ಟಿ ಸುಮ್ಮನಾಗಬೇಡಿ. ನಿನಗೆ ಯಾರು ಕಲಿಸಿದರು ಎಂದು ಕೇಳಿ. ಆ ಪ್ರಶ್ನೆ ಕೇಳುವವರು ಹೆಚ್ಚಿದರೆ, ಕಲಿಸುವವರೂ ಹೆಚ್ಚುತ್ತಾರೆ.